ವಿಭೂತಿ ಮುಟ್ಟದವಳು

ಶಹಾಬಾದ
14-11-2024

ಪ್ರೀತಿಯ ಲುಂಬಿನಿಗೆ,

ನಿನ್ನ ಬಸವೇಶ್ವರಿ ಬರೆಯುವುದು. ವಾಡಿಯಲ್ಲಿ ಚಿಗವ್ವ ಲಾಲಮ್ಮನ ಮನೆಯಲ್ಲಿ ಆರಾಮ ಇದ್ದೀಯೆಂದು ತಿಳಿದಿದ್ದೇನೆ. ಎರಡು ಸಲ ಫೋನ್ ಹಚ್ಚಿ, ನೀನು ಎತ್ತುವ ಮೊದಲೇ ಕಟ್ ಮಾಡಿದೆ. ಬಾಯಿಂದ ಹೇಳಲು ಆಗದ್ದಕ್ಕೆ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳ ಅಕ್ಷರ, ನಗಬೇಡ.

ಕಲ್ಲಿನ ಕಾರ್ಖಾನೆಯಲ್ಲಿ ಪಾಲಿಶ್ ಮಷಿನ್ ಹತ್ತಿರ ನಿನ್ನ ಜಾಗ ಇನ್ನೂ ಖಾಲಿ ಇದೆ. ಅದನ್ನು ನೋಡಿದಾಗಲೆಲ್ಲ ಆ ದಿನವೇ ಕಣ್ಣಿಗೆ ಬರುತ್ತದೆ.

ನೆಲಕ್ಕೆ ಹಾಸುವ ದೊಡ್ಡ ಫರಸಿ ಕಲ್ಲು ಎರಡು ತುಂಡಾಗಿತ್ತು. ಒಡೆದವರು ಯಾರೆಂದು ನಮ್ಮಿಂದ ಕೆಲಸ ಮಾಡಿಸುವ ಮುಕಾದಮ ನಾಗೇಂದ್ರಪ್ಪ ಕೇಳಿದರೆ ಯಾರೂ ಒಪ್ಪಲಿಲ್ಲ. ಅವರು ದಿನಾ ಮುಂಜಾನೆ ಮಷಿನ್ನಿಗೆ ಹಚ್ಚುವ ವಿಭೂತಿ ಮುಟ್ಟಿ ಒಬ್ಬೊಬ್ಬರೇ ಆಣೆ ಮಾಡಬೇಕೆಂದರು. ಎಲ್ಲರಿಗಿಂತ ಮೊದಲು ಮುಟ್ಟಿದವಳು ನಾನು. ನನ್ನ ಹಿಂದೆ ಅವ್ವ. ಜಬೀನ್ ಅಲ್ಲಾನ ಹೆಸರು ಹೇಳಿ ಪಾರಾದಳು. ನೀನೊಬ್ಬಳೇ ಕೈ ಕಟ್ಟಿಕೊಂಡು ನಿಂತೆ.

"ನಾ ಒಡದಿಲ್ರಿ. ದೇವರನ್ನ ನಾ ನಂಬಂಗಿಲ್ಲ. ನಂಬದ್ದರ ಮ್ಯಾಲ ಆಣಿ ಮಾಡಿದ್ರ ಅದೇ ಸುಳ್ಳಾಗ್ತದ."

"ಸುಮ್ನ ಮುಟ್ಟಬಾರದೇನ, ಕೈ ಸವೀತದೇನ ನಿಂದು?" ಎಂದವಳು ನಾನೇ. ಹೆಂಗಸರು ನಕ್ಕರು. ಮಧ್ಯಾಹ್ನ ಊಟಕ್ಕೆ ನಿನ್ನ ಹತ್ತಿರ ಕೂಡಲಿಲ್ಲ. ಸಂಜೆಗೆ ನಿನ್ನನ್ನು ಕೆಲಸ ಬಿಡಿಸಿದರು. ದೇವರ ಅಂಜಿಕೆ ಇಲ್ಲದವರಿಗೆ ಸುಳ್ಳಿನ ಅಂಜಿಕೆ ಎಲ್ಲಿಂದ ಬರಬೇಕು ಎಂದು ಅವ್ವ ಹೇಳುತ್ತಾ ಬಂದದ್ದನ್ನೇ ನಂಬಿದ್ದೆ.

ಸೋಮವಾರ ಅವ್ವ ಲಿಂಗಪೂಜೆಗೆ ಕೂತವಳು ಎಷ್ಟು ಹೊತ್ತಾದರೂ ಏಳಲಿಲ್ಲ. ಕೇಳಿದರೆ ಅತ್ತಳು. ಕಲ್ಲು ಹೊರಳಿಸುವಾಗ ಅವಳದೇ ಕೈ ಜಾರಿತ್ತಂತೆ. ಮತ್ತೆ ಆಣೆ ಮಾಡಿದೆಯಲ್ಲ ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು, "ದೇವರು ಮಾಫ್ ಮಾಡ್ತಾನ, ಬಸ್ಸಿ. ಮುಕಾದಮ ಮಾಡಂಗಿಲ್ಲ" ಅಂದಳು.

ಅವ್ವನನ್ನು ಕೆಟ್ಟವಳೆನ್ನಲಾರೆ. ಇವತ್ತೂ ಉಪವಾಸ ಇದ್ದಾಳೆ. ಆದರೆ ಲುಂಬಿನಿ, ವಿಭೂತಿ ಮುಟ್ಟಿ ಪಾರಾಗುವುದು ನಮ್ಮೆಲ್ಲರಿಗಿಂತ ನಿನಗೆ ಸಲೀಸಿತ್ತು. ನಿನ್ನ ಪಾಲಿಗೆ ಅದು ಬರೀ ಬೂದಿ. ಇದು ನನಗೆ ಈಗ ಹೊಳೆಯಿತು.

ನಾಳೆ ಮುಕಾದಮರಿಗೆ ಹೇಳಬೇಕೆಂದಿದ್ದೇನೆ. ಧೈರ್ಯ ಬಂದರೆ.

ನಿನ್ನ ಮುಖ ನೋಡಲು ನಾಚುವ
ಬಸವೇಶ್ವರಿ

ತಾ.ಕ. (ಮರುದಿನ ಸಂಜೆ): ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಲುಂಬಿನಿ ಒಡೆದಿಲ್ಲ ಎಂದು ಇವತ್ತು ಮುಕಾದಮರಿಗೆ ಹೇಳಿದೆ. ಮತ್ತೆ ಯಾರೆಂದರು. ಅವ್ವನ ಹೆಸರು ಬಾಯಿಗೆ ಬರಲಿಲ್ಲ. ಹಾಗಾದರೆ ವಿಭೂತಿ ಮುಟ್ಟಿ ಹೇಳು ಎಂದರು. ಮುಟ್ಟಿದ್ದರೆ ನಂಬುತ್ತಿದ್ದರೇನೋ. ಅವ್ವ ಮುಟ್ಟಿದ್ದು ನೆನಪಾಗಿ ನಾನು ಕೈ ಕಟ್ಟಿಕೊಂಡೆ. ಅವರು ನಕ್ಕುಬಿಟ್ಟರು. ಆಗ ಹಿಂದೆ ನಿಂತಿದ್ದ ಅವ್ವ ಏನನ್ನೂ ಮುಟ್ಟದೆ, "ಆಕಿ ಖರೇನೇ ಹೇಳಾಕತ್ತಾಳ್ರಿ. ಒಡದಾಕಿ ನಾ" ಅಂದಳು. ಇಬ್ಬರನ್ನೂ ಕೆಲಸ ಬಿಡಿಸಿದರು, ಈಗ ಮನೆಯಲ್ಲೇ ಇದ್ದೇವೆ. ನಿನ್ನನ್ನು ವಾಪಸ್ ಕೆಲಸಕ್ಕೆ ಕರೆಸುತ್ತಾರಂತೆ. ಕೆಲಸಕ್ಕೆ ಹೋಗುವಾಗ ನಮ್ಮ ಬಾಗಿಲು ಹಾಕಿದ್ದರೆ ಸಿಟ್ಟೆಂದು ತಿಳಿಯಬೇಡ. ಒಳಗೇ ಇರುತ್ತೇವೆ, ಎದ್ದು ತೆರೆಯಲು ನಾಚಿಕೆ.