ದಾವೂದಸಾಬನ ಕೈಗೆ ಕಟ್ಟಿದ ವಾಚು

ಬಮ್ಮಿಗಟ್ಟಿ
೧೪ ಡಿಸೆಂಬರ್ ೨೦೨೪

ಮುದ್ದಿನ ಮೊಮ್ಮಗಳು ಐಶ್ವರ್ಯಳಿಗೆ ಅಜ್ಜನ ತುಂಬು ಮನಸ್ಸಿನ ಹರಕೆಗಳು.

ಹೇಗಿದ್ದೀಯವ್ವಾ? ಬೆಳಗಾವಿಯ ಚಳಿಗೆ ಹಿಡಿದ ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನ ಊಟ ನಿನಗೆ ಸೇರುವುದಿಲ್ಲವೆಂದು ಅಜ್ಜಿ ಶೇಂಗಾ ಚಟ್ನಿಪುಡಿ ಕುಟ್ಟಿಟ್ಟಿದ್ದಾಳೆ. ನಿನ್ನ ಅಪ್ಪ ಹೇಮಂತ ಅತ್ತ ಬಂದಾಗ ತರುತ್ತಾನೆ. ಫೋನ್ ಇರುವಾಗ ಅಜ್ಜ ಪತ್ರ ಯಾಕೆ ಬರೆದ ಎಂದುಕೊಳ್ಳಬೇಡ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಸಮಾಧಾನ ಹೇಳಲು ಶುರು ಮಾಡುತ್ತೀ. ಈ ಮಾತಿಗೆ ನನಗೆ ಸಮಾಧಾನ ಬೇಡ.

ದಸರೆಯಲ್ಲಿ ಬನ್ನಿ ಕೊಟ್ಟು ಕಾಲಿಗೆ ಬಿದ್ದವಳು, ಎದ್ದು ನನ್ನ ಕೈಗೆ ವಾಚು ಕಟ್ಟಿದೆಯಲ್ಲ. ಸಕ್ಕರೆ ಕಾಯಿಲೆ ಏರಿದೆ, ದಿನಾ ನಡೆಯಬೇಕು, ಹೊತ್ತಿಗೆ ಮಲಗಬೇಕು, ಹೆಜ್ಜೆ, ಎದೆಬಡಿತ, ನಿದ್ದೆ ಎಲ್ಲ ಈ ವಾಚಿನಿಂದ ನಿನಗೆ ಅಲ್ಲೇ ಫೋನಿನಲ್ಲಿ ಕಾಣುತ್ತದೆ ಎಂದು ನೀನೇ ಹೇಳಿದೆ. ಒಂದು ವಾರ ನಾನು ನಡೆದೆ. ಆಮೇಲೆ ಮೊಣಕಾಲು ನೋವು. ಅದಕ್ಕಿಂತ ಹೆಚ್ಚು ಸೋಮಾರಿತನ. "ಅಜ್ಜಾ, ಇವತ್ತ ಮನಿ ಬಿಟ್ಟು ಹೊಂಟೇ ಇಲ್ಲಲ್ಲ ನೀ" ಎಂದು ನೀನು ಫೋನಿನಲ್ಲಿ ಅಂದಾಗ ನಾಚಿಕೆಯಾಗುತ್ತಿತ್ತು. ಆಗ ದಾವೂದಸಾಬ ನೆನಪಾದ. ನಮ್ಮ ಹೊಲದ ಬಾಜೂಕೇ ಅವನ ಹೊಲ, ಸಣ್ಣಂದಿನಿಂದ ನನ್ನ ಗೆಳೆಯ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಬ್ಬು ತಿನ್ನಿಸಿದವನು. ಮುಂಜಾನೆ ಹೊಲಕ್ಕೆ ಹೋದರೆ ಸಂಜೆಯೇ ಮನೆ. "ಇದನ್ನ ಕಟಗೊಂಡು ಅಡ್ಡಾಡಲೇ, ಮಲಗೂವಾಗೂ ಬಿಚ್ಚಬ್ಯಾಡ" ಎಂದು ನಿನ್ನ ವಾಚನ್ನು ಅವನಿಗೆ ಕೊಟ್ಟೆ. "ಮೊಮ್ಮಗಳಿಗೇ ಮೋಸ ಮಾಡ್ತೀ ಏನ್ ಶಂಭಣ್ಣ" ಎಂದು ನಕ್ಕು ಕಟ್ಟಿಕೊಂಡ. ಸಂಜೆ ನಮ್ಮ ಕಟ್ಟೆಗೆ ಬಂದು ಕೂತರೆ ಸಾಕು, ವಾಚು ತಾನೇ ನನ್ನ ಫೋನಿಗೆ ಎಲ್ಲ ಒಪ್ಪಿಸುತ್ತಿತ್ತು, ಅಲ್ಲಿಂದ ನಿನಗೆ. ನೀನು ಹಿಗ್ಗಿದೆ. ನಿನ್ನ ಫಿಜಿಯೋಥೆರಪಿ ಕಾಲೇಜಿನ ಮೇಡಮ್ಮರಿಗೂ ತೋರಿಸಿದೆಯಂತೆ. ಆ ಹೊಗಳಿಕೆಯನ್ನು ನಾನು ಬೆಲ್ಲದ ಹಾಗೆ ಚಪ್ಪರಿಸಿದೆ.

ಕಳೆದ ತಿಂಗಳು ಒಂದು ಸಂಜೆ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದೆವು. ನಿನ್ನ ಫೋನ್ ಬಂತು. "ಅಜ್ಜಾ, ಎದಿ ಬಡಿತ ಏರುಪೇರಾಗೇತಿ, ನಿದ್ದಿನೂ ಸರಿ ಆಗಿಲ್ಲ. ಅಪ್ಪನ್ನ ಕರಕೊಂಡು ಈಗಿಂದೀಗ ಡಾಕ್ಟರ ಕಡೆ ಹೋಗು." ಯಾರ ಎದೆ ಅದು ಎಂದು ನನಗೆ ಗೊತ್ತಿತ್ತು. ದಾವೂದ ಒಂದು ಮೊಳದ ದೂರದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ನಿಜ ಹೇಳಿದರೆ ನನ್ನ ಕಳ್ಳತನ ಬಯಲಾಗುತ್ತಿತ್ತು. "ಅಗದಿ ಆರಾಮ ಅದೀನವಾ, ವಾಚೇ ಕೆಟ್ಟಿರಬೇಕು" ಎಂದು ಫೋನ್ ಇಟ್ಟೆ. "ಏನಂತ?" ಎಂದು ಅವನು ಕೇಳಿದ. ಏನಿಲ್ಲ ಎಂದೆ. ಅವನು ತಾನಾಗಿಯೇ, "ರಾತ್ರಿ ಎದಿ ಡವಡವ ಅಂತೈತೋ ಶಂಭಣ್ಣ, ನಿದ್ದಿ ಹತ್ತವಲ್ದು" ಎಂದ. ದೇವರು ಕೈಗೇ ತಂದುಕೊಟ್ಟ ಮಾತು ಅದು. "ಚಹಾ ಕಡಿಮಿ ಮಾಡಲೇ" ಎಂದುಬಿಟ್ಟೆ. ಮರುದಿನ ನೀನು ಮತ್ತೆ ಫೋನ್ ಮಾಡಿ, ಸುಮ್ಮನೆ ಹೆದರಿಸಿದೆನೆಂದು ನನ್ನ ಕ್ಷಮೆ ಕೇಳಿದೆ. ಅದನ್ನೂ ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ.

ಅದರ ಮಾರನೆಯ ದಿನವೇ ದಾವೂದ ಕಬ್ಬಿನ ಹೊಲದಲ್ಲಿ ಬಿದ್ದ. ಹೇಮಂತ ಕಾರಿನಲ್ಲಿ ಹುಬ್ಬಳ್ಳಿಗೆ ಒಯ್ದದ್ದು, ಬಲಗೈ ಏಳದಂತಾದದ್ದು, ಮಾತು ತೊದಲುವುದು, ಎಲ್ಲ ಅಪ್ಪ ನಿನಗೆ ಹೇಳಿದ್ದಾನೆ. ವಾಚಿನ ಸಂಗತಿ ಅಪ್ಪನಿಗೂ ಗೊತ್ತಿಲ್ಲ. ಎದೆಬಡಿತ ತಪ್ಪಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿದೆ, ಮೊದಲೇ ತೋರಿಸಿದ್ದರೆ ಗುಳಿಗೆಯಲ್ಲಿ ತಡೆಯಬಹುದಿತ್ತೋ ಏನೋ ಎಂದರು ಡಾಕ್ಟರು. ಎಲ್ಲರೂ ತಲೆ ತಗ್ಗಿಸಿದರು, ನಾನೂ ತಗ್ಗಿಸಿದೆ, ಏನೂ ತಿಳಿಯದವರ ಹಾಗೆ. ಸಂಜೆ ಅವನ ಹೆಂಡತಿ ಶಮೀಮಾಬಿ ನನ್ನನ್ನು ಬದಿಗೆ ಕರೆದು ಸೆರಗಿನ ಗಂಟು ಬಿಚ್ಚಿದಳು. "ನಿಮ್ಮ ಸಾಮಾನ ಕಳದು ಹೋಗಬಾರದಂತ ಕಟಗೊಂಡಿದ್ದೆ ಅಣ್ಣಾರ" ಎಂದು ಆ ವಾಚು ಒರೆಸಿ ಕೊಟ್ಟಳು. ಅಂದಿನಿಂದ ವಾಚು ಕಪಾಟಿನಲ್ಲಿದೆ; ಯಾಕೆ ಕಟ್ಟಿಕೊಂಡಿಲ್ಲ ಎಂದು ನೀನು ಕೇಳಿದಾಗಲೆಲ್ಲ ಬೆಲ್ಟಿಗೆ ತುರಿಕೆ ಎಂದು ಹೇಳಿದ್ದು ಮತ್ತೊಂದು ಸುಳ್ಳು.

ವಾಚು ನೋಡಿ ನೀನು ಹೇಳಿದ್ದು ತಪ್ಪಿರಲಿಲ್ಲ, ಮಗಾ. ತಪ್ಪಿದ್ದು ನಿನ್ನ ಅಜ್ಜ. ಹೊತ್ತಿಗೆ ಸರಿಯಾಗಿ ಉಣ್ಣು, ಮೈ ಕಾಯ್ದುಕೋ. ಶಿವ ನಿನ್ನ ಕೈಗೆ ಒಳ್ಳೆಯ ಗುಣ ಕೊಡಲಿ.

ನಿನ್ನ ಅಜ್ಜ
ಶಂಭುಲಿಂಗಪ್ಪ

ತಾ.ಕ.: ಬಸ್ಸು ಬರುವ ಹೊತ್ತಾಯಿತು, ಕಲಘಟಗಿಯ ಅಂಚೆಗೆ ಹಾಕಬೇಕು. ಪತ್ರ ಮಡಚಿದ ಮೇಲೆ, ಶಮೀಮಾಬಿಗೆ ಹೇಳದೆ ನಿನಗೆ ಕಳಿಸುವುದು ಸರಿಯಲ್ಲ ಎನಿಸಿತು. ಹೋಗಿ ಎಲ್ಲ ಹೇಳಿದೆ. ಅವಳು ದಾವೂದನಿಗೆ ಗಂಜಿ ಕುಡಿಸುತ್ತಿದ್ದಳು. ಬಟ್ಟಲು ಖಾಲಿಯಾಗುವ ತನಕ ಕುಡಿಸಿ, ಅವನ ಬಾಯಿ ಒರೆಸಿದಳು. ಆಮೇಲೆ, "ಆ ಹುಡುಗಿ ಕೈಕಾಲು ತಿದ್ದೂದು ಕಲೀತೈತಲ್ಲ, ಆಕಿನ್ನ ಕಳಸ್ರಿ. ನೀವು ಬರಬ್ಯಾಡ್ರಿ" ಎಂದಳು. ದಾವೂದ ನನ್ನನ್ನು ನೋಡಿ ಏನೋ ಹೇಳಲು ಹೆಣಗಿದ, ನನಗೆ ತಿಳಿಯಲಿಲ್ಲ. ರಜೆ ಸಿಕ್ಕ ಕೂಡಲೇ ಬಾರವ್ವಾ. ಮೊದಲು ಅವರ ಮನೆಗೆ ಹೋಗು. ನಮ್ಮ ಮನೆಗೆ ಆಮೇಲೆ ಬಂದರಾಯಿತು.