ಆರನೆಯ ಸಾಲಿನಲ್ಲಿ ಕೂತಿದ್ದ ಮಾವನಿಂದ

ಪುಟ್ಟೀ,

ಶನಿವಾರ ಮಧ್ಯಾಹ್ನ ನಿನ್ನ ಪಂದ್ಯ ನೋಡಲು ನಾನು ಅಲ್ಲಿದ್ದೆ. ಆರನೆಯ ಸಾಲಿನಲ್ಲಿ, ಕಂಬದ ಪಕ್ಕ. ಪೇಂಟ್ ತರಲು ಹೋಗುತ್ತೇನೆಂದು ನಿನ್ನ ಅತ್ತೆಗೆ ಸುಳ್ಳು ಹೇಳಿ ಬಂದಿದ್ದೆ. ನಾಲ್ಕು ದಿನವಾಯಿತು, ಇನ್ನೂ ಜೀವ ಜಾಗಕ್ಕೆ ಬಂದಿಲ್ಲ. ನಿನ್ನೆ ನಮ್ಮ ಜಿಮ್ಮಿನಲ್ಲಿ ಭಾರ ಎತ್ತುವ ಬಾರಿನ ಒಂದು ಕಡೆಗೆ ಇಪ್ಪತ್ತು ಕಿಲೋ, ಇನ್ನೊಂದು ಕಡೆಗೆ ಹದಿನೈದು ಹಾಕಿ, ಹೊಸದಾಗಿ ಸೇರಿದ ಹೆಂಗಸರ ಮುಂದೆ ನಗೆಪಾಟಲಾದೆ.

ಎರಡು ವರ್ಷದ ಹಿಂದೆ ನೀನು ಪವರ್‌ಲಿಫ್ಟಿಂಗ್ ಬಿಟ್ಟು ಪ್ರೊ ರೆಸ್ಲಿಂಗಿಗೆ ಹೋಗುತ್ತೇನೆಂದಾಗ ನಾನಾಡಿದ ಮಾತು ನಿನಗೆ ನೆನಪಿದ್ದೇ ಇರುತ್ತದೆ. ಐದು ಸಲ ಚಾಂಪಿಯನ್ ಆದವಳು, ಇನ್ನೂರ ಇಪ್ಪತ್ತು ಕಿಲೋ ನೆಲದಿಂದ ಎತ್ತಿ ನಿಂತವಳು, ನನ್ನ ಕೈಯಲ್ಲೇ ಕಲಿತ ನನ್ನ ಅಕ್ಕನ ಮಗಳು! "ಅದು ಕುಸ್ತಿಯಲ್ಲ, ವೇಷ. ಯಾರು ಗೆಲ್ಬೇಕು ಅಂತ ಮೊದ್ಲೇ ಮಾತಾಡ್ಕೊಂಡು ಬಿದ್ದು ಹೊರಳಾಡ್ತಾರೆ. ನಾಚಿಕೆ ಆಗಲ್ವಾ ನಿಂಗೆ?" ಎಂದಿದ್ದೆ. ನೀನು ಸೊಂಟದ ಬೆಲ್ಟ್ ಬಿಚ್ಚಿ ಬೆಂಚಿನ ಮೇಲಿಟ್ಟು, "ಮಾವ, ಕಬ್ಬಿಣಕ್ಕೆ ಕತ್ತಿಲ್ಲ, ಬೆನ್ನುಮೂಳೆ ಇಲ್ಲ. ಕೈ ಜಾರಿದ್ರೆ ಧಡ್ ಅಂತ ಬೀಳುತ್ತೆ, ಅಷ್ಟೇ. ಮನುಷ್ಯರನ್ನ ಎತ್ತಿ, ನೋವಾಗದ ಹಾಗೆ ಇಳಿಸೋದೇ ಬೇರೆ ವಿದ್ಯೆ" ಎಂದೆ. ನಾನು ನಕ್ಕುಬಿಟ್ಟೆ. ಅಂದಿನಿಂದ ನಮ್ಮಿಬ್ಬರ ಮಾತು ನಿಂತಿತು.

ಶನಿವಾರ ನೀನು ಕಪ್ಪು ಬಟ್ಟೆಯಲ್ಲಿ, ಖಳನಾಯಕಿಯ ವೇಷದಲ್ಲಿ ಬಂದೆ. ಇಡೀ ಸಭಾಂಗಣ ನಿನ್ನನ್ನು ಬೈಯಿತು. ನನ್ನ ಮುಂದೆ ಕೂತಿದ್ದ ಅಜ್ಜಿಯೊಬ್ಬರು ಚಪ್ಪಲಿ ಎತ್ತಿ ತೋರಿಸಿದರು. ನೀನು ಹಲ್ಲು ಕಡಿಯುತ್ತ ಅವರ ಕಡೆಗೇ ನುಗ್ಗಿದೆ; ಅವರಿಗೆ ಖುಷಿಯೋ ಖುಷಿ. ನನಗೆ ಮಾತ್ರ ಮುಳ್ಳಿನ ಮೇಲೆ ಕೂತಂತಾಗಿತ್ತು. ಎದ್ದು ಹೋಗೋಣವೆಂದು ಚೀಲ ಕೈಗೆತ್ತಿಕೊಂಡೆ.

ಅಷ್ಟರಲ್ಲಿ ನಿನ್ನ ಎದುರಾಳಿ, ಆ ಸಣಕಲು ಹುಡುಗಿ, ನಿನ್ನ ಮೇಲೆ ಹಾರಲು ರಿಂಗಿನ ಮೂಲೆಯ ಹಗ್ಗದ ಮೇಲೇರಿದಳು. ನೀನು ಅವಳನ್ನು ಎದೆಯ ಮೇಲೆ ಹಿಡಿಯಲು ಸಿದ್ಧವಾಗಿ ನಿಂತಿದ್ದೆ. ಅವಳ ಕಾಲು ಜಾರಿತು. ನೀನಿದ್ದ ಕಡೆಗಲ್ಲ, ಪಕ್ಕಕ್ಕೆ, ತಲೆ ಕೆಳಗಾಗಿ ಬಂದಳು. ನನ್ನ ಕಣ್ಣು ಅದನ್ನು ಅರ್ಥಮಾಡಿಕೊಳ್ಳುವ ಮೊದಲೇ ನೀನು ನೆಲಕ್ಕೆ ಹಾರಿದ್ದೆ. ಅವಳ ತಲೆ ನಿನ್ನ ಎಡಗೈ ಮೇಲೆ ಬಿತ್ತು. ಆ ಕೈ ತಿರುಚಿ ನಿನ್ನ ಬೆನ್ನಿನಡಿಗೆ ಹೋಯಿತು.

ಮೂವತ್ತು ವರ್ಷ ಭುಜಗಳನ್ನೇ ನೋಡಿದವನು ನಾನು. ಕೀಲು ತಪ್ಪಿದೆಯೆಂದು ಆರನೆಯ ಸಾಲಿಗೇ ಗೊತ್ತಾಯಿತು. "ನಿಲ್ಸ್ರೋ!" ಎಂದು ಕಿರುಚಿದೆ. ಪಕ್ಕದವನು ನನ್ನ ಅಂಗಿ ಹಿಡಿದೆಳೆದು, "ಕೂತ್ಕೊಳ್ಳಿ ಯಜಮಾನ್ರೇ, ಇದೆಲ್ಲಾ ಮೊದ್ಲೇ ಮಾತಾಡ್ಕೊಂಡಿರ್ತಾರೆ" ಎಂದ. ನನ್ನ ಮಾತೇ, ಪುಟ್ಟೀ. ಅಕ್ಷರಶಃ ನನ್ನದೇ. ಕಪಾಳಕ್ಕೆ ಬಿದ್ದಂತಾಯಿತು.

ನೀನೇನು ಮಾಡಿದೆ? ನಡುಗುತ್ತಿದ್ದ ಆ ಹುಡುಗಿಯನ್ನು ಬಲಗೈಯಿಂದ ಮೆಲ್ಲಗೆ ನಿನ್ನ ಎದೆಯ ಮೇಲೆಳೆದುಕೊಂಡು, ಅವಳ ಕಿವಿಯಲ್ಲಿ ಏನೋ ಹೇಳಿ, ಅಲುಗದೆ ಮಲಗಿದೆ. ನಿನ್ನ ಬೆನ್ನು ನೆಲಕ್ಕಂಟಿದೆಯೆಂದು ರೆಫರಿ ಮೂರು ಎಣಿಸಿದ. ಅವಳು ಗೆದ್ದಳು. ಸಭಾಂಗಣ ಕುಣಿಯಿತು. ಸೋಲುವುದನ್ನು ನಾನು ನಿನಗೆ ಯಾವತ್ತೂ ಕಲಿಸಲಿಲ್ಲ. ಇಂಥ ಸೋಲು ಇರುತ್ತದೆಂದು ನನಗೇ ಗೊತ್ತಿರಲಿಲ್ಲ.

ನಾನು ಹಿಂದಿನ ಕೋಣೆಗೆ ಓಡಿದೆ. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಡಾಕ್ಟರು ನಿನ್ನ ಕೈ ಹಿಡಿದಿದ್ದರು, ಆ ಹುಡುಗಿ ಬಿಕ್ಕುತ್ತಿದ್ದಳು. ನೀನು ಅವಳಿಗೆ, "ಅಳೋದು ಆಮೇಲೆ. ಕತ್ತು ಎಡಕ್ಕೆ ತಿರುಗ್ಸು. ಈಗ ಬಲಕ್ಕೆ. ಬೆರಳೆಲ್ಲಾ ಆಡ್ತಿದ್ಯಾ?" ಎನ್ನುತ್ತಿದ್ದೆ. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಇಳಿಸಿಬಿಟ್ಟೆ. ಯಾವ ಮುಖ ಹೊತ್ತು ಒಳಗೆ ಬರಲಿ?

ಇಂದು ಅಕ್ಕ ಫೋನ್ ಮಾಡಿದ್ದಳು. ಮೂಳೆಯೂ ಬಿರುಕು ಬಿಟ್ಟಿದೆಯಂತೆ, ಭಾರದ ಬಾರನ್ನು ಇನ್ನು ಮುಟ್ಟುವ ಹಾಗಿಲ್ಲವಂತೆ. ಒಂದು ನಿಜ ಹೇಳುತ್ತೇನೆ: ನೀನು ಮರಳಿ ಬರುತ್ತೀಯೆಂದು ಜಿಮ್ಮಿನ ಗೋಡೆಯ ಮೇಲಿನ ನಿನ್ನ ದಾಖಲೆಯ ಪಟ್ಟಿಯ ಕೆಳಗೆ ಜಾಗ ಬಿಟ್ಟಿದ್ದೆ. ಕೇಳಿ ಎದೆ ಒಡೆಯಿತು. ಆದರೆ ಅಕ್ಕ, "ಇವಳು ಅಳ್ತಿಲ್ಲ ಕಣೋ. ಆ ಹುಡುಗಿಗೆ ಏನೂ ಆಗ್ಲಿಲ್ಲ ಅಂತ ನಗ್ತಾ ಕೂತಿದಾಳೆ" ಎಂದಾಗ ನಾನು ಫೋನ್ ಹಿಡಿದೇ ಅತ್ತುಬಿಟ್ಟೆ.

ತಪ್ಪಾಯಿತು, ಮಗಳೇ. ನಾಳೆ ಹತ್ತು ಗಂಟೆಗೆ ಬರುತ್ತೇನೆ. ಒಂದೇ ಕೈಯಲ್ಲಿ ನಿನಗೆ ಜಡೆ ಹೆಣೆಯಲು ಬರುವುದಿಲ್ಲ, ನನಗೆ ಎರಡು ಕೈಯಿದ್ದೂ ಬರುವುದಿಲ್ಲ, ಅತ್ತೆಯನ್ನೂ ಕರೆತರುತ್ತೇನೆ. ನೀನು ಬಾಗಿಲು ತೆಗೆದರೆ ಸಾಕು.

ಆ ಭುಜ ಬೇಗ ಕೂಡಿಕೊಳ್ಳಲಿ, ನೂರು ಕಾಲ ಬಾಳು.

ನಿನ್ನಿಂದ ಈಗ ಕಲಿಯಲು ಹೊರಟಿರುವ,
ಮಾವ