ಹದಿನಾಲ್ಕು ಸಭೆಗೆ ಹಾಜರಾದ ಹುಡುಗಿಯ ಗೈರುಹಾಜರಿ

ವಿರೋಧ ಪಕ್ಷದ ಜಿಲ್ಲಾ ಅಧ್ಯಕ್ಷರಿಗೆ ಮತ್ತು ಕಾಲೇಜಿನ ಆಡಳಿತ ಮಂಡಳಿಯ ಕಾರ್ಯಾಧ್ಯಕ್ಷರಿಗೆ. ಈ ಎರಡೂ ಕುರ್ಚಿಯಲ್ಲಿ ಕೂಡುವವರು ತಾವೊಬ್ಬರೇ ಆದ್ದರಿಂದ ಒಂದೇ ಪತ್ರದಲ್ಲಿ ಮುಗಿಸುತ್ತಿದ್ದೇನೆ.

ಮಾನ್ಯರೇ,

ವಿಶ್ವವಿದ್ಯಾಲಯದವರೆಗೂ ಎಲ್ಲರಿಗೆ ಪುಕ್ಕಟೆ ಶಿಕ್ಷಣ ಕೊಡುತ್ತೇವೆಂದು ಸಾರುವುದಕ್ಕೆ ತಾವು ನನ್ನ ಮಗಳು ಸತ್ಯವ್ವನನ್ನು ಹದಿನಾಲ್ಕು ಚುನಾವಣಾ ಸಭೆಗಳಿಗೆ ಕರೆದುಕೊಂಡು ಹೋದಿರಿ. ಹಾಗೆ ಹೋದದ್ದರಿಂದ ಹಾಜರಿ ಸಾಲದಾಯಿತೆಂದು ತಮ್ಮದೇ ಕಾಲೇಜು ಅವಳನ್ನು ಪರೀಕ್ಷೆಗೆ ಕೂಡಿಸಲಿಲ್ಲ. ನೋಟೀಸಿನ ಕೆಳಗೆ ತಮ್ಮ ಸಹಿ ಇದೆ. ಅಕ್ಷರ ದುಂಡಗಿದೆ. ನಾನು ಮೂವತ್ತೊಂದು ವರ್ಷ ಕನ್ನಡ ಸಾಲಿಯ ಮಾಸ್ತರನಾಗಿದ್ದವನು, ಒಳ್ಳೆಯ ಅಕ್ಷರ ಕಂಡರೆ ಹೇಳದೆ ಇರಲಾರೆ.

ತಮಗೆ ನೆನಪಿಲ್ಲದಿದ್ದರೆ ನಾನೇ ನೆನಪಿಸುತ್ತೇನೆ. ಕಳೆದ ಡಿಸೆಂಬರಿನಲ್ಲಿ ಧಾರವಾಡದ ಸಭೆಯಲ್ಲಿ ತಾವು ಪುಕ್ಕಟೆ ವಿಶ್ವವಿದ್ಯಾಲಯದ ಮಾತು ಎತ್ತಿದಾಗ ಹೆಂಗಸರ ಕಡೆಯಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಮಾತು ಛಲೋ ಐತ್ರಿ. ಆದ್ರ ರೊಕ್ಕ ಎಲ್ಲಿಂದ ಬರ್ತೈತಿ?" ಎಂದು ಕೇಳಿದಳು. ತಾವು ನಕ್ಕು, "ತಂಗಿ, ಅದನ್ನ ನಮಗ ಬಿಡು" ಅಂದಿರಿ. ಸತ್ಯವ್ವ ಬಿಡಲಿಲ್ಲ. ನಮ್ಮ ಕೇರಿಯಲ್ಲಿ ಮೆಟ್ರಿಕ್ ದಾಟಿದ ಮೊದಲ ಹುಡುಗಿ ಅವಳು. ಸರಕಾರದ ವಿದ್ಯಾರ್ಥಿವೇತನದ ಮೇಲೆ ತಮ್ಮ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಳು. ಒಂದು ವಾರ ಗ್ರಂಥಾಲಯದಲ್ಲಿ ಕೂತು, ಎಷ್ಟು ಕಾಲೇಜು, ಎಷ್ಟು ಮಕ್ಕಳು, ಯಾವ ತೆರಿಗೆಯಿಂದ ಎಷ್ಟು ಬಂದೀತು ಎಂದು ಬರೆದು ತಮ್ಮ ಪಕ್ಷದ ಕಚೇರಿಗೆ ಕೊಟ್ಟು ಬಂದಳು. ತಮ್ಮ ಪಕ್ಷದ ಪ್ರಣಾಳಿಕೆಯಲ್ಲಿ ಇಲ್ಲದಿದ್ದದ್ದು ಹತ್ತೊಂಬತ್ತು ವರ್ಷದ ಹುಡುಗಿಯ ಎರಡು ಹಾಳೆಯಲ್ಲಿತ್ತು.

ಮೂರನೇ ದಿನವೇ ಲಕಮನಹಳ್ಳಿಯ ನಮ್ಮ ಮನೆಯ ಮುಂದೆ ತಮ್ಮ ಜೀಪು ನಿಂತಿತು. ನಾನು ಅಳುಕಿದೆ. ಅಭ್ಯಾಸ ಕೆಡುತ್ತದೆ, ಹಾಜರಿ ಹೋಗುತ್ತದೆ ಅಂದೆ. ತಾವು ಚಹದ ಬಟ್ಟಲು ಕೆಳಗಿಟ್ಟು ಹೇಳಿದಿರಿ: "ಮಾಸ್ತರ, ಕಾಲೇಜು ನಮ್ಮದ ಐತಿ. ಹಾಜರಿ ಚಿಂತಿ ನನಗ ಬಿಡ್ರಿ." ನಾನು ಬಿಟ್ಟೆ. ಮಗಳು ಮೊದಲ ಸಲ ಬಿಡದೆ ಇದ್ದದ್ದನ್ನು ಕಂಡೂ ನಾನು ಬಿಟ್ಟೆ. ಈ ತಪ್ಪು ನನ್ನದು. ಇದರಲ್ಲಿ ತಮ್ಮ ಪಾಲು ಕೇಳುವುದಿಲ್ಲ.

ಬೈರಿದೇವರಕೊಪ್ಪದ ಸಭೆಗೆ ನಾನೂ ಬಂದಿದ್ದೆ. ಹತ್ತಿ ವ್ಯಾಪಾರದ ಸಿದ್ದಲಿಂಗಪ್ಪನವರು ಎದ್ದು, "ಅಧ್ಯಕ್ಷರ, ಪುಕ್ಕಟೆ ಅಂತೀರಿ. ಕಡೀಕ ನಮ್ಮ ಕಿಸೇಕ್ಕ ಕೈ ಹಾಕವರಲ್ಲೇನ್ರಿ?" ಎಂದು ಕೇಳಿದರು. ತಾವು ನೀರು ಕುಡಿದಿರಿ. ಸತ್ಯವ್ವ ಮೈಕಿನ ಮುಂದೆ ಬಂದಳು.

"ಹೌದ್ರಿ ಕಾಕಾ, ಹಾಕತೇವಿ," ಅಂದಳು. "ಒಂದು ಹತ್ತಿ ಅಂಡಿಗಿ ಮಾರಿದ್ರ ನಾಕಾಣೆ ತೆರಿಗಿ. ಬರೇ ನಿಮ್ಮ ಕಿಸೇಕ್ಕಲ್ಲ, ದೊಡ್ಡ ಹೊಲದವರು, ಗಿರಣಿಯವರು, ಎಲ್ಲಾರ ಕಿಸೇಕ್ಕೂ. ಪುಕ್ಕಟೆ ಅಂದ್ರ ಯಾರೂ ಕೊಡೂದಿಲ್ಲ ಅಂತಲ್ರಿ. ಎಲ್ಲಾರೂ ಕೂಡಿ ಕೊಡೂದು."

ಸಿದ್ದಲಿಂಗಪ್ಪನವರು ನಿಂತೇ ಇದ್ದರು. "ನಾಕಾಣೆಕ್ಕ ಆಗೂದಾದ್ರ ನಾ ಎಂಟಾಣೆ ಕೊಡ್ತೇನಿ. ನಮ್ಮ ಸಂಗವ್ವನೂ ಕಲೀಲಿ," ಎಂದು ಕೂತರು. ಸಂಗವ್ವ ಅವರ ಮೊಮ್ಮಗಳು. ರಾಜಕಾರಣದ ಸಭೆಯಲ್ಲಿ ಒಬ್ಬ ಮನುಷ್ಯ ಇದ್ದ ಜಾಗದಲ್ಲೇ ಮನಸ್ಸು ಬದಲಿಸಿದ್ದನ್ನು ನನ್ನ ಆಯುಷ್ಯದಲ್ಲಿ ಕಂಡದ್ದು ಅದೊಂದೇ ಸಲ. ಜೀಪಿನಲ್ಲಿ ಹಿಂತಿರುಗುವಾಗ ತಾವು ಅವಳಿಗೆ ಮಾಡಿದ ಉಪದೇಶವೂ ನನಗೆ ನೆನಪಿದೆ: "ತೆರಿಗಿ ಮಾತು ಆಡಬ್ಯಾಡವಾ, ಮತ ಹೋಗ್ತಾವು. ಬರೇ ಪುಕ್ಕಟೆ ಅನ್ನು."

ಆ ಊರಿನಲ್ಲಿ ಮಾತ್ರ ತಮಗೆ ಹೆಚ್ಚು ಮತ ಬಿದ್ದವು. ತೆರಿಗೆಯ ಮಾತು ಕೈಬಿಟ್ಟ ಊರುಗಳಲ್ಲೆಲ್ಲ ತಾವು ಸೋತಿರಿ. ಇದರ ಅರ್ಥವನ್ನು ತಮ್ಮ ಪಕ್ಷದ ಪಂಡಿತರು ಹುಡುಕುತ್ತಿದ್ದಾರೆಂದು ಕೇಳಿದ್ದೇನೆ. ಜನ ದಡ್ಡರು ಎಂಬಲ್ಲಿಗೆ ಬಂದು ಮುಟ್ಟಿದ್ದಾರಂತೆ.

ಫಲಿತಾಂಶ ಬಂದ ಎಂಟನೇ ದಿನ ನೋಟೀಸು ಬಂತು. ಪರೀಕ್ಷೆ ತಪ್ಪಿದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ, ಅದು ನಿಂತರೆ ಕಾಲೇಜೂ ನಿಂತಂತೆ. ಹಾಜರಿಯ ಕೊರತೆಯನ್ನು ಮನ್ನಿಸಬೇಕೆಂದು ಆಡಳಿತ ಮಂಡಳಿ ಒಂದು ಸಾಲು ಬರೆದರೆ ಸಾಕು ಎಂದು ಕಾಲೇಜಿನ ಗುಮಾಸ್ತರೇ ಹೇಳಿದರು. ನಾವಿಬ್ಬರೂ ಹುಬ್ಬಳ್ಳಿಯ ತಮ್ಮ ಮನೆಗೆ ಬಂದೆವು. ಎರಡು ತಾಸು ಪಡಸಾಲೆಯಲ್ಲಿ ಕೂತೆವು.

"ಮಾಸ್ತರ, ನಾವು ಸೋತವರು. ವಿರೋಧ ಪಕ್ಷದವರ ಕೈಯಾಗ ಏನೈತಿ?" ಅಂದಿರಿ.

"ಕಾಲೇಜು ನಿಮ್ಮ ಕೈಯಾಗ ಐತಲ್ರಿ," ಅಂದೆ.

"ಅದು ಬ್ಯಾರೆ ಮಾತು. ಶಿಕ್ಷಣದಾಗ ರಾಜಕೀಯ ತರಬಾರದು."

ಇಷ್ಟು ಉದಾತ್ತವಾದ ತತ್ವವನ್ನು ತಾವು ಜೀಪು ಕಳಿಸುವ ಮೊದಲು ಹೇಳಿದ್ದರೆ ನನ್ನ ಮಗಳು ಈಗ ಮೂರನೇ ವರ್ಷಕ್ಕೆ ತಯಾರಾಗುತ್ತಿದ್ದಳು. ಹಿಂತಿರುಗುವಾಗ ಅವಳು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಉಣಕಲ್ಲು ದಾಟಿದ ಮೇಲೆ, "ಅಪ್ಪಾ, ಪರೀಕ್ಷೆಯ ದಿನ ಮನ್ಯಾಗ ಹ್ಯಾಂಗ ಕೂಡ್ಲಿ?" ಎಂದು ಕೇಳಿದಳು. ಪರೀಕ್ಷೆಯ ದಿನ ಬೆಳಿಗ್ಗೆ ಅವಳು ತಲೆ ಬಾಚಿಕೊಂಡು, ಸೀರೆ ಉಟ್ಟು, ಹೊಸ್ತಿಲಲ್ಲಿ ಕೂತಳು. ಹನ್ನೊಂದರಿಂದ ಎರಡರವರೆಗೆ ಅಲ್ಲೇ ಕೂತಿದ್ದಳು. ಅವಳ ತಾಯಿ ಊಟಕ್ಕೆ ಕರೆಯಲಿಲ್ಲ.

ಸುದ್ದಿ ಹಬ್ಬಿತು. ಆಳುವ ಪಕ್ಷದವರೊಬ್ಬರು ಬಂದು, ಅವಳು ಅವರ ಪಕ್ಷದ ಸಭೆಯಲ್ಲಿ ನಿಂತು ಮೋಸವಾದ ಕಥೆ ಹೇಳಿದರೆ ವಿದ್ಯಾರ್ಥಿವೇತನ ಮತ್ತೆ ಕೊಡಿಸುತ್ತೇವೆಂದರು. ಸತ್ಯವ್ವ ಅವರಿಗೆ ಹೇಳಿದ್ದು ಇಷ್ಟೇ: "ಅಧ್ಯಕ್ಷರ ಮಾತು ಸುಳ್ಳಾತು ಖರೇ. ಆದ್ರ ನಾ ಆಡಿದ್ದು ಸುಳ್ಳಲ್ರಿ. ಅದನ್ನ ಸುಳ್ಳು ಅಂತ ಹೇಳಾಕ ನಾ ಬರೂದಿಲ್ಲ." ಅವರು ಹೋದ ಮೇಲೆ ನಾನು ಅವಳನ್ನು ಬೈದೆ. ಆಮೇಲೆ ನಾಚಿಕೆಯಾಯಿತು.

ಸಿದ್ದಲಿಂಗಪ್ಪನವರೂ ಬಂದರು. ಅವರಿಗೆ ಭಾಷಣ ಬೇಕಿರಲಿಲ್ಲ, ಊರಿನ ಹೆಣ್ಣುಮಕ್ಕಳ ಸಾಲಿಗೆ ಒಬ್ಬ ಶಿಕ್ಷಕಿ ಬೇಕಾಗಿದ್ದಳು. ಜೂನ್‌ನಿಂದ ಸತ್ಯವ್ವ ಬೈರಿದೇವರಕೊಪ್ಪಕ್ಕೆ ಬಸ್ಸಿನಲ್ಲಿ ಹೋಗಿ ಬರುವವಳಿದ್ದಾಳೆ. ಪುಸ್ತಕಗಳನ್ನು ಇನ್ನೂ ಮಾರಿಲ್ಲ.

ಇನ್ನು ತಮ್ಮ ಪಕ್ಷದ ಭವಿಷ್ಯದ ಮಾತು. ಮುಂದಿನ ಚುನಾವಣೆಗೆ ಐದು ವರ್ಷವಿದೆ. ಇಡೀ ರಾಜ್ಯದ ವಿಶ್ವವಿದ್ಯಾಲಯವನ್ನು ಪುಕ್ಕಟೆ ಮಾಡಲು ಅಧಿಕಾರ ಬೇಕು, ಒಪ್ಪುತ್ತೇನೆ. ತಮ್ಮ ಒಂದು ಕಾಲೇಜನ್ನು ಮಾಡಲು ಯಾವ ಮತಪೆಟ್ಟಿಗೆ ಬೇಕು? ಈ ಜೂನ್‌ನಿಂದ ಅಲ್ಲಿ ಬಡ ಹೆಣ್ಣುಮಕ್ಕಳಿಗೆ ಫೀ ಇಲ್ಲವೆಂದು ಮಂಡಳಿಯಲ್ಲಿ ಠರಾವು ಮಾಡಿರಿ. ಸತ್ಯವ್ವನ ಹೆಸರನ್ನು ಮತ್ತೆ ಅದೇ ತರಗತಿಗೆ ಹಚ್ಚಿಕೊಳ್ಳಿರಿ. ತಾವು ಹೇಳಿದ್ದನ್ನು ಒಂದು ಕಟ್ಟಡದೊಳಗೆ ಮಾಡಿ ತೋರಿಸಿದರೆ, ಗೆಲ್ಲಲು ಜೀಪೂ ಬೇಕಾಗಲಿಕ್ಕಿಲ್ಲ. ಆಗದಿದ್ದರೆ ಆಗುವುದಿಲ್ಲವೆಂದು ಅದೇ ದುಂಡನೆಯ ಅಕ್ಷರದಲ್ಲಿ ಬರೆದು ಕಳಿಸಿರಿ. ಅವಳು ಕಾಯುವುದನ್ನಾದರೂ ನಿಲ್ಲಿಸಲಿ.

ಇಂತಿ,
ಬೇರೆ ಯಾರೂ ಪುಕ್ಕಟೆ ಶಿಕ್ಷಣದ ಮಾತನ್ನೇ ಆಡಲಿಲ್ಲವಾದ್ದರಿಂದ ತಮಗೇ ಮತ ಹಾಕಿದ,
ಮುಂದೆಯೂ ಹಾಕಬೇಕಾದೀತೆಂದು ಅಂಜುತ್ತಿರುವ
ಮೈಲಾರಪ್ಪ, ನಿವೃತ್ತ ಶಿಕ್ಷಕ
ಲಕಮನಹಳ್ಳಿ, ಧಾರವಾಡ
ಏಪ್ರಿಲ್ ೧೯೬೨